ಬಂಗಾರಿಯ ಪೆಟ್ಟಿಗೆ, ತಾತನ ಥರ್ಮಾಮೀಟರ್

ಹೋದ ಡಿಸೆಂಬರ್‌ನಲ್ಲಿ ಒಂದು ಶುಕ್ರವಾರ ರಾತ್ರಿ ಬಂಗಾರಪೇಟೆಯಿಂದ ತಮ್ಮನ ಫೋನು. ತಮ್ಮ ಅಂದರೆ ಚಿಕ್ಕಪ್ಪನ ಮಗ. "ಅಣ್ಣಾ, ನೀನು ಸೆನ್ಸರು ಗಿನ್ಸರು ಅಂತ ಏನೇನೋ ಮಾಡ್ತಿರ್ತೀಯಲ್ಲ, ನಾಳೆ ಊರಿಗೆ ಬರ್ತೀಯಾ? ಬಂಗಾರಿ ಒಂದು ತಿಂಗಳಿಂದ ಏನೂ ತಿಂತಿಲ್ಲ" ಅಂದ. ದನಿ ಸಣ್ಣಗಾಗಿತ್ತು.

ಬಂಗಾರಿ ಅಂದರೆ ನಾಯಿ ಅಲ್ಲ, ಬೆಕ್ಕೂ ಅಲ್ಲ. ಹಾವು! ಬಾಲ್ ಪೈಥಾನ್ ಅಂತಾರೆ. ಘಾನಾ, ಟೋಗೊ, ಬೆನಿನ್ ಕಡೆಯ ಸಣ್ಣ ಜಾತಿಯ ಹೆಬ್ಬಾವು. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತೆ, ಅದಕ್ಕೇ ಆ ಹೆಸರು. ವಿಷ ಇಲ್ಲ. ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ನಮ್ಮ ನಾಗರಹಾವು, ಕೆರೆಹಾವು, ಹೆಬ್ಬಾವು ಇವನ್ನೆಲ್ಲ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಹೊರದೇಶದ ಜಾತಿಗಳಿಗೆ 2024ರ ನಿಯಮಗಳ ಪ್ರಕಾರ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ತಮ್ಮ ಅದನ್ನು ಮಾಡಿಸಿದ್ದ. ಕಾಗದ ಪತ್ರ ಎಲ್ಲ ಸರಿಯಾಗಿತ್ತು. ಸರಿ ಇಲ್ಲದೇ ಇದ್ದದ್ದು ಪೆಟ್ಟಿಗೆಯ ಬಿಸಿ.

ಶನಿವಾರ ಬೆಳಗ್ಗೆ ಟ್ರೈನು ಹತ್ತಿದೆ. ಬ್ಯಾಗಿನಲ್ಲಿ ಲ್ಯಾಪ್‌ಟಾಪು, ಒಂದಷ್ಟು ವೈರು, ಮೂರು ಟೆಂಪರೇಚರ್ ಪ್ರೋಬು.

ಮನೆಯಲ್ಲಿ ನೋಡಿದರೆ, ಚಿಕ್ಕಪ್ಪನ ಹಳೇ ಮೀನಿನ ತೊಟ್ಟಿಯೇ ಬಂಗಾರಿಯ ಮನೆ. ಕೆಳಗೆ ಒಂದು ಹೀಟ್ ಮ್ಯಾಟ್, ನೇರ ಪ್ಲಗ್ಗಿಗೆ ಸಿಕ್ಕಿಸಿದ್ದು. ಗಾಜಿನ ಗೋಡೆಯ ಮೇಲ್ಭಾಗದಲ್ಲಿ ಅಂಟಿಸಿದ ಒಂದು ಥರ್ಮಾಮೀಟರು. ಅದು 28 ಡಿಗ್ರಿ ತೋರಿಸುತ್ತಿತ್ತು. "ನೋಡಣ್ಣಾ, ಕರೆಕ್ಟಾಗೇ ಇದೆ" ಅಂದ ತಮ್ಮ. ನಾನು ಪ್ರೋಬನ್ನು ಬಂಗಾರಿ ಮಲಗಿದ್ದ ಜಾಗದಲ್ಲಿ, ಅದರ ಹೊಟ್ಟೆಯ ಅಡಿಗೆ ತೂರಿಸಿದೆ. 31... 37... 42... ಕೊನೆಗೆ 46ಕ್ಕೆ ಹೋಗಿ ನಿಂತಿತು. ತೊಟ್ಟಿಯ ಇನ್ನೊಂದು ತುದಿಯಲ್ಲಿ 19.

ಮೆಲ್ಲಗೆ ಎತ್ತಿ ತಿರುಗಿಸಿದರೆ ಹೊಟ್ಟೆಯ ಪೊರೆಗಳು ಎರಡು ಕಡೆ ಕಂದು ಬಣ್ಣಕ್ಕೆ ತಿರುಗಿದ್ದವು. ಸುಟ್ಟ ಗಾಯ. ತಮ್ಮ ಏನೂ ಮಾತಾಡಲಿಲ್ಲ, ಎದ್ದು ಹಿತ್ತಲಿಗೆ ಹೋದ.

ಆಗ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದ ನಮ್ಮ ತಾತ ಕೇಳಿದರು, "ಎಲ್ಲಿಟ್ಟಿದ್ದ ಅವನು ಥರ್ಮಾಮೀಟರ್ರು?"

"ಮೇಲೆ ತಾತ, ಗಾಜಿಗೆ ಅಂಟಿಸಿದ್ದ."

"ಅದೇ ಮತ್ತೆ. ಹಾವು ಇರೋದು ಕೆಳಗೆ, ಲೆಕ್ಕ ಬರೆಯೋದು ಮೇಲೆ."

*

ತಾತ ಕೆಜಿಎಫ್ ಮೈನ್ಸ್‌ನಲ್ಲಿ ಕೆಲಸಕ್ಕಿದ್ದವರು. ಅವರ ಕೆಲಸ ಏನು ಅಂತ ಇಷ್ಟು ವರ್ಷ ನಾನು ಸರಿಯಾಗಿ ಕೇಳಿರಲೇ ಇಲ್ಲ, ನಾಚಿಕೆ ಆಗುತ್ತೆ. "ಗಾಳಿ ಡಿಪಾರ್ಟ್‌ಮೆಂಟ್" ಅಂತ ಮನೆಯಲ್ಲಿ ಹೇಳುತ್ತಿದ್ದರು, ನಾವೆಲ್ಲ ನಗುತ್ತಿದ್ದೆವು. ವೆಂಟಿಲೇಷನ್ ವಿಭಾಗದಲ್ಲಿ ಹೆಲ್ಪರ್ ಆಗಿದ್ದರಂತೆ. ಒಂದು ಹಿಡಿಕೆಗೆ ಎರಡು ಥರ್ಮಾಮೀಟರ್ ಕಟ್ಟಿದ ಉಪಕರಣ ಹಿಡಿದುಕೊಂಡು ಕೇಜಿನಲ್ಲಿ ಕೆಳಗೆ ಇಳಿದು, ಕೆಲಸ ನಡೆಯೋ ಜಾಗಗಳಲ್ಲಿ ಅದನ್ನು ಜಾತ್ರೆಯ ಗಿರಗಿಟ್ಟಲೆ ಥರ ಗರಗರ ತಿರುಗಿಸಿ ರೀಡಿಂಗ್ ತೆಗೆದುಕೊಳ್ಳುವುದು. ಒಂದು ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತೆ, ಇನ್ನೊಂದು ಒಣಗಿರುತ್ತೆ.

"ಒಣಗಿದ್ದು ಗಾಳಿ ಎಷ್ಟು ಬಿಸಿ ಅಂತ ಹೇಳ್ತದೆ. ಒದ್ದೆದು ಮನುಷ್ಯ ಬದುಕ್ತಾನಾ ಇಲ್ವಾ ಅಂತ ಹೇಳ್ತದೆ" ಅಂದರು ತಾತ.

ಎಂಜಿನಿಯರಿಂಗ್‌ನಲ್ಲಿ ವೆಟ್ ಬಲ್ಬ್ ಟೆಂಪರೇಚರ್ ಅಂತ ಎರಡು ಮಾರ್ಕ್ಸಿಗೆ ಓದಿದ್ದೆ. ಇಷ್ಟು ಸುಲಭವಾಗಿ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ನಮ್ಮ ಮೈ ತಣ್ಣಗಾಗುವುದು ಬೆವರು ಆರಿದರೆ. ಗಾಳಿಯಲ್ಲಿ ಆಗಲೇ ತೇವ ತುಂಬಿಕೊಂಡಿದ್ದರೆ ಬೆವರು ಆರುವುದಿಲ್ಲ, ಸುಮ್ಮನೆ ಸುರಿಯುತ್ತೆ. ಒದ್ದೆ ಬಟ್ಟೆಯ ಥರ್ಮಾಮೀಟರು ತೋರಿಸುವುದು ಅದನ್ನೇ. 1961ರ ಲೋಹ ಗಣಿಗಳ ನಿಯಮಾವಳಿಯಲ್ಲಿ ಇದಕ್ಕೆ ಲೆಕ್ಕ ಇದೆ. ಕೆಲಸದ ಜಾಗದಲ್ಲಿ ಒದ್ದೆ ರೀಡಿಂಗ್ 33.5 ಡಿಗ್ರಿ ಸೆಲ್ಸಿಯಸ್ ದಾಟಬಾರದು. 30.5 ದಾಟಿದರೆ ಅಲ್ಲಿ ಗಾಳಿ ಸೆಕೆಂಡಿಗೆ ಕನಿಷ್ಠ 1 ಮೀಟರ್ ವೇಗದಲ್ಲಿ ಬೀಸುತ್ತಿರಬೇಕು.

ಗಣಿ ಯಾಕೆ ಅಷ್ಟು ಬಿಸಿ? ಎರಡು ಕಾರಣ. ಒಂದು, ಭೂಮಿಯ ಒಳಗೆ ಹೋದಷ್ಟೂ ಬಂಡೆಯೇ ಬಿಸಿ. ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದಿತ್ತು, ಪ್ರಪಂಚದ ಅತಿ ಆಳದ ಗಣಿಗಳಲ್ಲಿ ಒಂದು. ಅಲ್ಲಿ ಬಂಡೆಯ ಬಿಸಿ 60 ಡಿಗ್ರಿ ದಾಟುತ್ತಿತ್ತು. ಎರಡನೆಯದು ನನಗೆ ಹೊಸದು. ಮೇಲಿನಿಂದ ಕಳಿಸುವ ಗಾಳಿ ಕೆಳಗೆ ಇಳಿಯುತ್ತಾ ತನ್ನ ಭಾರಕ್ಕೇ ಒತ್ತಿಕೊಂಡು ಬಿಸಿಯಾಗುತ್ತೆ, ಸೈಕಲ್ ಪಂಪು ಬಿಸಿಯಾಗುವ ಹಾಗೆ. ಒಣ ಗಾಳಿಯಾದರೆ 100 ಮೀಟರಿಗೆ ಸುಮಾರು 1 ಡಿಗ್ರಿ. 3 ಕಿಲೋಮೀಟರಿಗೆ ಲೆಕ್ಕ ಹಾಕಿ! ಮಾರಿಕುಪ್ಪಂನಲ್ಲಿ ಬೆಳಗ್ಗೆ ತಣ್ಣಗೆ ಬೀಸುವ ಗಾಳಿ ಕೆಳಗೆ ಮುಟ್ಟುವಷ್ಟರಲ್ಲಿ ಒಲೆಯ ಬಾಯಿಯ ಗಾಳಿ ಆಗಿರುತ್ತೆ. ಸುಮ್ಮನೆ ಫ್ಯಾನ್ ಹಾಕಿದರೆ ಆಗುವ ಕೆಲಸ ಅಲ್ಲ ಅದು.

*

ಬಂಗಾರಿಯನ್ನು ಅವತ್ತೇ ಬೆಂಗಳೂರಿಗೆ ಕರಕೊಂಡು ಹೋಗಿ ಪಶುವೈದ್ಯರಿಗೆ ತೋರಿಸಿದೆವು. ಮುಲಾಮು ಕೊಟ್ಟರು, ಇನ್ನು ಕೆಲವು ಸಲ ಪೊರೆ ಬಿಟ್ಟ ಮೇಲೆ ಸರಿಹೋಗಬಹುದು ಅಂದರು. ಭಾನುವಾರ ವಾಪಸು ಬಂದು ಪೆಟ್ಟಿಗೆ ಸರಿ ಮಾಡಲು ಕೂತೆ. ಸರಿ ಮಾಡುವ ಮುಂಚೆ ಓದಬೇಕಲ್ಲ? ಓದುತ್ತಾ ಹೋದ ಹಾಗೆ ಹಾವಿನ ಬಿಸಿಗೂ ಒಂದು ಇತಿಹಾಸ ಇದೆ ಅಂತ ಗೊತ್ತಾಯಿತು.

ಹಾವು ತಣ್ಣನೆ ರಕ್ತದ ಪ್ರಾಣಿ ಅಂತ ಸ್ಕೂಲಲ್ಲಿ ಬರೆದಿದ್ದೇವೆ. ಆ ಮಾತೇ ದಾರಿ ತಪ್ಪಿಸುತ್ತೆ. 1832ರಲ್ಲಿ ಲಾಮಾರ್ ಪಿಕೊ ಅನ್ನುವ ಫ್ರೆಂಚ್ ಪ್ರವಾಸಿ, ಭಾರತದಲ್ಲೆಲ್ಲ ಓಡಾಡಿದ್ದವನು, ಪ್ಯಾರಿಸ್‌ನ ವಿಜ್ಞಾನ ಅಕಾಡೆಮಿಗೆ ಒಂದು ವಿಷಯ ಹೇಳಿದ. ಹೆಬ್ಬಾವು ಮೊಟ್ಟೆಯ ಸುತ್ತ ಸುರುಳಿ ಸುತ್ತಿ ಕೂತು ಕೋಳಿಯ ಹಾಗೆ ಕಾವು ಕೊಡುತ್ತೆ ಅಂತ. ಅಲ್ಲಿಯ ಪಂಡಿತರು ನಂಬಲಿಲ್ಲ. ತಣ್ಣನೆ ಪ್ರಾಣಿ ಕಾವು ಕೊಡುವುದುಂಟೇ? 1841ರಲ್ಲಿ ಅದೇ ಪ್ಯಾರಿಸ್‌ನ ಪ್ರಾಣಿಸಂಗ್ರಹಾಲಯದಲ್ಲಿ ಒಂದು ಹೆಬ್ಬಾವು ಮೊಟ್ಟೆ ಇಟ್ಟು ಸುತ್ತಿಕೊಂಡು ಕೂತಿತು. ವಲೆನ್ಸಿಯೆನ್ ಅನ್ನುವ ವಿಜ್ಞಾನಿ ಸುರುಳಿಯ ನಡುವೆ ಥರ್ಮಾಮೀಟರ್ ಇಟ್ಟು ನೋಡಿದ. ಹೊರಗಿನ ಗಾಳಿಗಿಂತ ಒಳಗೆ ಬಹಳ ಬಿಸಿ! ಹೇಗೆ ಅನ್ನುವುದನ್ನು ಚೆನ್ನಾಗಿ ಅಳೆದು ತೋರಿಸಿದ್ದು 1966ರಲ್ಲಿ, ನ್ಯೂಯಾರ್ಕ್‌ನ ಮೃಗಾಲಯದಲ್ಲಿ. ತಾಯಿ ಹಾವು ಮೈಯ ಸ್ನಾಯುಗಳನ್ನು ಅದುರಿಸಿ ಅದುರಿಸಿ ಬಿಸಿ ಮಾಡಿಕೊಳ್ಳುತ್ತೆ, ನಾವು ಚಳಿಯಲ್ಲಿ ನಡುಗುವ ಹಾಗೆ. ಕಣ್ಣಿಂದ ನೋಡಿದವನ ಮಾತು ವಿಜ್ಞಾನ ಆಗುವುದಕ್ಕೆ 134 ವರ್ಷ.

ಅದಕ್ಕಿಂತ ನನಗೆ ಮುಖ್ಯ ಅನ್ನಿಸಿದ್ದು 1944ರ ಒಂದು ಕೆಲಸ. ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೋಗರ್ಟ್ ಅನ್ನುವ ಇಬ್ಬರು ಅಮೆರಿಕದ ಮರುಭೂಮಿಯಲ್ಲಿ ಹಲ್ಲಿ, ಓತಿ, ಹಾವುಗಳ ಮೈಬಿಸಿ ಅಳೆದರು. ಗಾಳಿಯ ಬಿಸಿ ಅಲ್ಲ, ಮೈಯ ಬಿಸಿ. ಬೆಳಗ್ಗೆ ಬಿಸಿಲಿಗೆ ಬರುತ್ತೆ, ಸಾಕಾದರೆ ನೆರಳಿಗೆ ಹೋಗುತ್ತೆ, ಮತ್ತೆ ಬಿಸಿಲಿಗೆ. ಹೀಗೆ ಓಡಾಡಿಕೊಂಡೇ ಪ್ರತಿಯೊಂದು ಜಾತಿಯೂ ತನಗೆ ಬೇಕಾದ ಬಿಸಿಯನ್ನು ಎರಡು ಮೂರು ಡಿಗ್ರಿಯ ಒಳಗೆ ಹಿಡಿದಿಟ್ಟುಕೊಳ್ಳುತ್ತೆ ಅಂತ ತೋರಿಸಿದರು. ಓಡಾಡಲು ಬಿಡದೆ ಬಿಸಿಲಲ್ಲಿ ಹಿಡಿದಿಟ್ಟರೆ? ಮರುಭೂಮಿಯ ಪ್ರಾಣಿಯೇ ಆದರೂ ಬೇಗ ಸಾಯುತ್ತೆ.

ಅಂದರೆ ಹಾವಿನ ಪೆಟ್ಟಿಗೆಗೆ "ಸರಿಯಾದ ಟೆಂಪರೇಚರ್" ಅಂತ ಒಂದೇ ನಂಬರ್ ಇಲ್ಲ. ಎರಡು ಬೇಕು, ನಡುವೆ ದಾರಿಯೂ ಬೇಕು. ಬಾಲ್ ಪೈಥಾನಿಗೆ ಬಿಸಿ ಕಡೆ ಸುಮಾರು 32, ತಣ್ಣನೆ ಕಡೆ 25-27. ರಾತ್ರಿಯೂ 24ಕ್ಕಿಂತ ಬಹಳ ಇಳಿಯಬಾರದು. ಎರಡೂ ಕಡೆ ಅಡಗಿಕೊಳ್ಳಲು ಒಂದೊಂದು ಗೂಡು. ಒಂದೇ ಗೂಡು ಇಟ್ಟರೆ ಹಾವು ಬಿಸಿಯೋ ತಣ್ಣಗೋ ನೋಡದೆ ಅಡಗುವ ಜಾಗವನ್ನೇ ಆರಿಸಿಕೊಳ್ಳುತ್ತೆ. ಬಂಗಾರಿಗೆ ಆಗಿದ್ದು ಅದೇ. ಗೂಡು ಇದ್ದದ್ದು ಮ್ಯಾಟಿನ ಮೇಲೆ. ಇನ್ನೊಂದು ಕಡೆ ಬಂಗಾರಪೇಟೆಯ ಡಿಸೆಂಬರ್ ಚಳಿ, ಬಯಲು ಬೇರೆ. ಪಾಪ, ಎಲ್ಲಿಗೆ ಹೋಗುತ್ತೆ?

ನಮ್ಮ ಕಡೆ ಹಾವಿಗೆ ಈ ಏರ್ಪಾಡನ್ನು ಗೆದ್ದಲು ಮಾಡಿಕೊಡುತ್ತೆ. ಹುತ್ತದ ಒಳಗೆ ಹಗಲು ಹೊರಗಿಗಿಂತ ತಂಪು, ರಾತ್ರಿ ಹೊರಗಿಗಿಂತ ಬೆಚ್ಚಗೆ. ಮೇಲೆ ಬಂದರೆ ಬಿಸಿಲು, ಕೆಳಗೆ ಇಳಿದರೆ ನೆರಳು. ಮದ್ರಾಸಿನ ಹತ್ತಿರ ವಡನೆಮ್ಮೇಲಿಯಲ್ಲಿ 1978ರಲ್ಲಿ ಶುರುವಾದ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ವಿಷ ತೆಗೆಯಲು ತಂದ ಹಾವುಗಳನ್ನು ಇಡುವುದು ಮಣ್ಣಿನ ಮಡಕೆಯಲ್ಲಿ. ಒಳಗೆ ಮರಳು, ಬಾಯಿಗೆ ಬಟ್ಟೆ. ಕೆಲವು ವಾರ ಇಟ್ಟುಕೊಂಡು ಮತ್ತೆ ಕಾಡಿಗೆ ಬಿಟ್ಟುಬಿಡುತ್ತಾರೆ. ಕರಾವಳಿಯ ಸೆಕೆಯಲ್ಲಿ ಗಾಜಿನ ತೊಟ್ಟಿಗಿಂತ ಮಡಕೆ ವಾಸಿ ಅಂತ ಅವರಿಗೆ ಗೊತ್ತು.

*

ಇನ್ನು ನಮ್ಮೂರಿನ ದೊಡ್ಡ ಪೆಟ್ಟಿಗೆಗೆ ಬರೋಣ.

1802ರಲ್ಲಿ ಜಾನ್ ವಾರೆನ್ ಮಾರಿಕುಪ್ಪಂ ಸುತ್ತ ಬಂಗಾರದ ಸುದ್ದಿ ಕೇಳಿ ಬಂದು ಹುಡುಕಿದ್ದು, 1870ರ ದಶಕದಲ್ಲಿ ಲೆವೆಲ್ ಮೈಸೂರು ಸರ್ಕಾರದಿಂದ ಗಣಿ ಹಕ್ಕು ಪಡೆದದ್ದು, 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದದ್ದು, ಇವೆಲ್ಲ ನಿಮಗೆ ಗೊತ್ತಿರುತ್ತೆ. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ನಮ್ಮ ಬಂಗಾರಪೇಟೆಯಿಂದ, ಗಣಿಗೆ ರೈಲು ಬಂತು. 1902ರಲ್ಲಿ ಶಿವನಸಮುದ್ರದಿಂದ 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದರು. ಬೆಂಗಳೂರಿಗಿಂತ ಮುಂಚೆ ಕೆಜಿಎಫ್‌ಗೆ ಕರೆಂಟು ಬಂತು ಅಂತ ನಾವು ಈಗಲೂ ಜಂಬ ಕೊಚ್ಚಿಕೊಳ್ಳುತ್ತೇವೆ. ಆದರೆ ಆ ಕರೆಂಟು ಬಂದದ್ದು ಮನೆಗಳಿಗೆ ದೀಪ ಹಚ್ಚಲು ಅಲ್ಲ, ಗಣಿಯ ಯಂತ್ರಗಳಿಗೆ.

ಕೆಳಗೆ ಇಳಿದವರು ಯಾರು? ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಕೂಲಿಗಳು, ಅವರಲ್ಲಿ ಬಹುಪಾಲು ದಲಿತರು. ಮೇಲೆ ಅವರಿಗೆ ಇದ್ದದ್ದು ಬಿದಿರು ತಟ್ಟಿಯ ಗುಡಿಸಲಿನ ಸಾಲುಗಳು. ದೊರೆಗಳಿಗೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ಊರಿನ ಹವೆ ಹಿತವಾಗಿದೆ ಅಂತ ಅದಕ್ಕೆ ಪುಟ್ಟ ಇಂಗ್ಲೆಂಡ್ ಅಂತ ಹೆಸರೂ ಬಿತ್ತು. ಹಿತವಾದ ಹವೆ ಇದ್ದದ್ದು ಮೇಲೆ. ಅದೇ ಊರು, ಎರಡು ಹವಾಮಾನ.

ಗಣಿಗೆ ತಣ್ಣನೆ ಗಾಳಿ ಕಳಿಸುವ ಯಂತ್ರ ಮೊದಲು ಬಂದದ್ದು ಬ್ರೆಜಿಲ್‌ನ ಮೊರೊ ವೆಲ್ಯೊ ಚಿನ್ನದ ಗಣಿಗೆ, 1920ರ ಆಸುಪಾಸು. 1935ರಲ್ಲಿ ದಕ್ಷಿಣ ಆಫ್ರಿಕಾದ ರಾಬಿನ್ಸನ್ ಡೀಪ್‌ಗೆ. ಅದೇ ದಶಕದಲ್ಲಿ ಕೋಲಾರಕ್ಕೂ ಬಂತು. ನೆಲದ ಮೇಲೆ ದೊಡ್ಡ ರೆಫ್ರಿಜರೇಷನ್ ಯಂತ್ರ ಕೂರಿಸಿ, ಗಾಳಿಯನ್ನು ತಣ್ಣಗೆ ಮಾಡಿ, ತೇವವನ್ನೂ ತೆಗೆದು ಶಾಫ್ಟಿನಲ್ಲಿ ಕೆಳಗೆ ಕಳಿಸುವುದು. ನಮ್ಮ ದೇಶದಲ್ಲಿ ಬಹುಪಾಲು ಜನ ಎಸಿ ಅನ್ನುವ ಪದವನ್ನೇ ಕೇಳದ ಕಾಲದಲ್ಲಿ ಕೆಜಿಎಫ್ ನೆಲದ ಕೆಳಗೆ ಎಸಿ! ಎಂಜಿನಿಯರ್ ಆಗಿ ನನಗೆ ಇದು ರೋಮಾಂಚನ. ಆದರೆ ಗಣಿ ಶುರುವಾಗಿ ಆಗಲೇ ಐವತ್ತು ವರ್ಷ ಕಳೆದಿತ್ತು. ಇನ್ನೂ ಆಳಕ್ಕೆ ಹೋಗಬೇಕಾದರೆ ತಣ್ಣನೆ ಗಾಳಿ ಇಲ್ಲದೆ ಆಗುವುದೇ ಇಲ್ಲ ಅನ್ನುವ ಹಂತಕ್ಕೆ ಬಂದ ಮೇಲೆ ಯಂತ್ರ ಬಂತು.

1940ರ ದಶಕದಲ್ಲಿ ಕ್ಯಾಪ್ಲನ್ ಎಂಬುವರು ಕೋಲಾರದ ಗಣಿಯೊಳಗೆ ಕೆಲಸ ಮಾಡುತ್ತಾ ಕುಸಿದು ಬೀಳುವವರ ಬಗ್ಗೆ ಅಧ್ಯಯನ ಮಾಡಿದರು. 1946ರಲ್ಲಿ ಅವರೂ ಲಿಂಡ್ಸೆ ಎಂಬುವರೂ ಸೇರಿ ಇನ್ನೊಂದು ಪ್ರಬಂಧ ಪ್ರಕಟಿಸಿದರು. ಅದರ ವಿಷಯ, ಹೆಚ್ಚು ಬಿಸಿಯಿಂದ ಆಳದ ಗಣಿಯ ಕೆಲಸಗಾರರ ಕೆಲಸದ ಸಾಮರ್ಥ್ಯ ಎಷ್ಟು ಕಡಿಮೆಯಾಗುತ್ತೆ ಅಂತ. ಬಿಸಿ, ತೇವ ಏರಿದ ಹಾಗೆ ಕೆಲಸ ಇಳಿಯುತ್ತೆ ಅಂತ ಅಳೆದು ತೋರಿಸಿದ ಮೊದಮೊದಲ ಕೆಲಸಗಳಲ್ಲಿ ಅದೂ ಒಂದು. ಇವತ್ತಿಗೂ ಬಿಸಿ ಮತ್ತು ದುಡಿಮೆಯ ಬಗ್ಗೆ ಬರೆಯುವವರು ಕೋಲಾರದ ಆ ಪ್ರಬಂಧವನ್ನು ನೆನೆಯುತ್ತಾರೆ.

ಎರಡೂ ಕೆಲಸಗಳ ಇಸವಿ ಪಕ್ಕಪಕ್ಕ ಇಟ್ಟು ನೋಡಿ. 1944, 1946. ಒಂದು ಕಡೆ ಮರುಭೂಮಿಯ ಓತಿಕ್ಯಾತಕ್ಕೆ ಕೇಳಿದ ಪ್ರಶ್ನೆ, "ಬಿಟ್ಟರೆ ನೀನು ಎಷ್ಟು ಬಿಸಿಯನ್ನು ಆರಿಸಿಕೊಳ್ಳುತ್ತೀ?" ಇನ್ನೊಂದು ಕಡೆ ಕೆಜಿಎಫ್‌ನ ಮನುಷ್ಯನಿಗೆ ಕೇಳಿದ ಪ್ರಶ್ನೆ, "ಎಷ್ಟು ಬಿಸಿಯವರೆಗೆ ನಿನ್ನಿಂದ ಕೆಲಸ ಆಗುತ್ತೆ?" ಆ ಅಧ್ಯಯನ ಮಾಡಿದವರನ್ನು ನಾನು ಬಯ್ಯುತ್ತಿಲ್ಲ. ಅವರು ಅಳೆದು ಬರೆದಿಟ್ಟಿದ್ದರಿಂದಲೇ ಕೆಳಗೆ ಏನಾಗುತ್ತಿತ್ತು ಅಂತ ನಮಗೆ ಇವತ್ತು ಗೊತ್ತು. ಆದರೆ ಆ ಕಾಲ ಕೇಳಲು ಸಿದ್ಧವಿದ್ದ ಪ್ರಶ್ನೆ ಅದೊಂದೇ ಆಗಿತ್ತು.

ಈ ಮಾತನ್ನು ತಾತನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾನು ಕೆಲಸಗಾರ ನಿಂತಿರೋ ಕಡೇನೇ ನಿಂತು ತಿರುಗಿಸ್ತಿದ್ದೆ ಕಣಪ್ಪಾ. ಅವನ ಪಕ್ಕದಲ್ಲೇ. ಗಾಳಿ ಬರೋ ದಾರೀಲಿ ನಿಂತು ತಿರುಗಿಸಿದ್ರೆ ಕಮ್ಮಿ ಬರ್ತದೆ, ನನ್ನ ಮೈಯೂ ತಣ್ಣಗಿರ್ತದೆ. ಆದ್ರೆ ಅದು ಅವನ ಲೆಕ್ಕ ಅಲ್ವಲ್ಲ. ಅವನು ಡ್ರಿಲ್ಲು ನಿಲ್ಸಿ ಕೇಳೋನು, ಎಷ್ಟಯ್ಯಾ ಇವತ್ತು ಅಂತ. ಹೇಳ್ತಿದ್ದೆ. ಮತ್ತೆ ಡ್ರಿಲ್ಲು ಹಿಡ್ಕೊಳ್ಳೋನು."

"ಜಾಸ್ತಿ ಇದ್ರೆ ಮೇಲಕ್ಕೆ ಹೋಗ್ತಿರಲಿಲ್ವಾ ತಾತ?"

"ಕೇಜು ಶಿಫ್ಟ್ ಮುಗಿದ ಮೇಲೆ ತಾನೇ ಬರೋದು" ಅಂದರು.

*

ಭಾನುವಾರ ಸಂಜೆಯ ಹೊತ್ತಿಗೆ ಪೆಟ್ಟಿಗೆ ರೆಡಿ ಆಯಿತು. ಬೇಕಾದವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಮ್ಯಾಟನ್ನು ತೊಟ್ಟಿಯ ಮೂರರಲ್ಲಿ ಒಂದು ಭಾಗದ ಅಡಿಗೆ ಮಾತ್ರ ಸರಿಸಿದೆ. ಥರ್ಮೋಸ್ಟಾಟ್ ಹಾಕಿದೆ, ಅದರ ಪ್ರೋಬು ಮ್ಯಾಟಿನ ನೇರ ಮೇಲೆ. ನಾನೇ ಒಂದು ಕಂಟ್ರೋಲರ್ ಬರೆದು ಜಂಬ ಪಡೋಣ ಅಂತಿದ್ದೆ. ಆದರೆ ರಿಲೇ ಅಂಟಿಕೊಂಡರೆ ಮ್ಯಾಟ್ ಆರುವುದೇ ಇಲ್ಲ, ಆಗ ನನ್ನ ಕೋಡು ಎಷ್ಟು ಚೆನ್ನಾಗಿದ್ದರೂ ಹಾವು ಬೇಯುತ್ತೆ. ಆದ್ದರಿಂದ ಅಂಗಡಿಯ ಥರ್ಮೋಸ್ಟಾಟನ್ನೇ ಕೆಲಸಕ್ಕೆ ಇಟ್ಟು, ನನ್ನದನ್ನು 36 ದಾಟಿದರೆ ಕರೆಂಟು ಕತ್ತರಿಸುವ ಕಾವಲುಗಾರ ಮಾಡಿದೆ. ಎರಡೂ ಬೇರೆ ಬೇರೆ. ತಣ್ಣನೆ ಕಡೆಗೆ ಇನ್ನೊಂದು ಪ್ರೋಬು. ತೊಟ್ಟಿಯ ಮೂರು ಬದಿಗೆ ಥರ್ಮೋಕೋಲ್. ಎರಡು ಗೂಡು, ಎರಡೂ ಒಂದೇ ಥರದವು, ಹಾವಿಗೆ ಗೂಡಿನ ಮೇಲೆ ಅಲ್ಲ ಬಿಸಿಯ ಮೇಲೆ ಆಯ್ಕೆ ಇರಲಿ ಅಂತ. ಕರೆಂಟು ಹೋದರೆ ಯುಪಿಎಸ್. ಶಿವನಸಮುದ್ರದ ಕರೆಂಟು ಮೊದಲು ಬಂದದ್ದು ನಮ್ಮ ಕಡೆಗೇ ಆದರೂ ಈಗ ಎಷ್ಟು ಹೊತ್ತಿಗೆ ಹೋಗುತ್ತೆ ಹೇಳೋಕಾಗಲ್ಲ :)

ಗೋಡೆಗೆ ಅಂಟಿಸಿದ್ದ ಆ ಹಳೇ ಥರ್ಮಾಮೀಟರನ್ನು ತಮ್ಮನೇ ಕಿತ್ತು ಬಿಸಾಡಿದ.

ಬಂಗಾರಿಯನ್ನು ಒಳಗೆ ಬಿಟ್ಟೆವು. ಮೊದಲು ಬಿಸಿ ಗೂಡಿಗೆ ಹೋಯಿತು. ಒಂದು ಗಂಟೆ ಆದ ಮೇಲೆ ಮೆಲ್ಲಗೆ ಹೊರಗೆ ಬಂದು, ನಾಲಿಗೆ ಚಾಚುತ್ತಾ, ಉದ್ದಕ್ಕೂ ಹರಿದು ತಣ್ಣನೆ ಗೂಡಿಗೆ ಸೇರಿಕೊಂಡಿತು. ತಾತ ಕುರ್ಚಿ ಹತ್ತಿರ ಎಳೆದುಕೊಂಡು ಪೂರ್ತಿ ನೋಡಿದರು.

"ಎಷ್ಟು ಅಲ್ಲಿ?" ಅಂತ ಕೇಳಿದರು.

"26 ತಾತ."

"ಹೋಗ್ತಾ ಬರ್ತಾ ಇದೆ ಅಂದ್ರೆ ಸರಿಯಾಗಿದೆ ಅಂತ. ಇನ್ನು ನೀನು ಅಳೀಬೇಕಿಲ್ಲ, ಅದೇ ಅಳ್ಕೊಳ್ತದೆ."

ಗಾಯ ಈಗ ಮಾಯ್ದಿದೆ, ಎರಡು ಸಲ ಪೊರೆ ಬಿಟ್ಟಿತು. ಫೆಬ್ರವರಿಯಲ್ಲಿ ಮತ್ತೆ ತಿನ್ನಲು ಶುರು ಮಾಡಿತು. ಅವತ್ತು ತಮ್ಮ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದ.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ನನಗಾಗ ನಾಲ್ಕು ವರ್ಷ. ಪಂಪುಗಳು ನಿಂತ ಮೇಲೆ ಕೆಳಗೆಲ್ಲ ನೀರು ತುಂಬಿಕೊಂಡಿದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಅಂತ ಗಾದೆ ಹೇಳುತ್ತೇವೆ, ಬೆವರು ಒಬ್ಬರದು ಭೋಗ ಇನ್ನೊಬ್ಬರದು ಅನ್ನೋ ಅರ್ಥದಲ್ಲಿ. ಕೆಜಿಎಫ್ ಬಗ್ಗೆ ಆ ಮಾತನ್ನು ಬಹಳ ಸಲ ಕೇಳಿದ್ದೇನೆ. ಆದರೆ ಆ ಹುತ್ತದ ಒಳಗೆ ಎಷ್ಟು ಬಿಸಿ ಇತ್ತು ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಒಂದು ಹಾವು ಸುಟ್ಟುಕೊಂಡ ಮೇಲೆ ಕೇಳಿದೆ.

ನಿಮ್ಮ ಮನೆಯಲ್ಲೂ ಮೈನ್ಸ್‌ಗೆ ಇಳಿದವರು ಇನ್ನೂ ಇದ್ದರೆ, ಬಂಗಾರದ ಕಥೆ ಆಮೇಲೆ ಕೇಳಿ. ಮೊದಲು ಕೆಳಗೆ ಸೆಕೆ ಹೇಗಿತ್ತು ಅಂತ ಕೇಳಿ, ಬರೆದಿಟ್ಟುಕೊಳ್ಳಿ. ನಮ್ಮ ತಾತನಿಗೆ ಈಗ 87.